ಹನ್ನೆರಡನೇ ತಂತಿ: ಹಳೆಯ ಡಿಸ್ಕಿನ ವೇಗ ಹೆಚ್ಚಿಸಲು ಹೋದಾಗ ಕಂಡದ್ದು

ಅಪ್ಪನ ಡಿಟಿಪಿ ಅಂಗಡಿ ಸಾಗರದಲ್ಲಿದೆ. ಅಂಗಡಿಯ ಮೂಲೆಯಲ್ಲಿ ಒಂದು ಪೆಂಟಿಯಂ 3 ಕಂಪ್ಯೂಟರ್ ಇದೆ. 2000ನೇ ಇಸವಿಯಲ್ಲಿ ಕೊಂಡದ್ದು. 600 ಮೆಗಾಹರ್ಟ್ಸ್, 256 ಎಂಬಿ ರ‍್ಯಾಮ್, 20 ಜಿಬಿ ಐಡಿಇ (ಅಗಲ ಪಟ್ಟಿಯಂಥ ಕೇಬಲ್ಲಿನಿಂದ ಬೋರ್ಡಿಗೆ ಸೇರುವ ಹಳೆಯ ತರಹದ) ಹಾರ್ಡ್‌ಡಿಸ್ಕ್, ವಿಂಡೋಸ್ 98. ಲಗ್ನಪತ್ರಿಕೆ, ಸಹಕಾರ ಸಂಘದ ವರದಿ, ಯಕ್ಷಗಾನ ಪ್ರಸಂಗದ ಪುಸ್ತಕ, ಎಲ್ಲವೂ ಇದರಲ್ಲಿದ್ದ, ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲೇ ತಯಾರಾದವು. ಹೊಸ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಯಿತು. ಆದರೂ ಇದನ್ನು ಎಸೆಯುವಂತಿಲ್ಲ. ಹಳೆಯ ಕನ್ನಡ ಲಿಪಿ ತಂತ್ರಾಂಶಕ್ಕೆ ಒಂದು ಲಾಕ್ ಇದೆ. ಪ್ಯಾರಲಲ್ ಪೋರ್ಟಿಗೆ ಚುಚ್ಚುವಂಥದ್ದು. ಅದು ಕೆಲಸ ಮಾಡುವುದು ಈ ಯಂತ್ರದಲ್ಲಿ ಮಾತ್ರ. ಫಾಂಟುಗಳೂ ಯೂನಿಕೋಡ್ ಅಲ್ಲ. ಅದೇ ಫೈಲನ್ನು ಬೇರೆ ಕಡೆ ತೆರೆದರೆ ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ.

ಕಳೆದ ಬೇಸಿಗೆಯಲ್ಲಿ ಡಿಸ್ಕ್ ಆಗಾಗ ಕಟ್ ಕಟ್ ಎನ್ನಲು ಶುರುಮಾಡಿತು. ಅಪ್ಪ ಫೋನ್ ಮಾಡಿದರು. "ಆ ಪ್ರಸಂಗದ ಪುಸ್ತಕ ಮತ್ತೆ ಅಚ್ಚು ಹಾಕ್ಬೇಕಂತೆ. ಡಿಸ್ಕ್ ಹೋಗೋ ಮುಂಚೆ ಒಂದು ಕಾಪಿ ಮಾಡ್ಕೊಡೋ" ಅಂದರು. ಹಳೆಯ ಡಿಸ್ಕನ್ನು ಇದ್ದ ಹಾಗೇ ಇನ್ನೊಂದು ಐಡಿಇ ಡಿಸ್ಕಿಗೆ ಇಳಿಸುವುದು, ಹೊಸ ಡಿಸ್ಕಿನಲ್ಲಿ ಯಂತ್ರವನ್ನು ಮೊದಲಿನ ಹಾಗೇ ಓಡಿಸುವುದು. ಇಷ್ಟೇ ಕೆಲಸ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಳಸಿದ 40 ಜಿಬಿ ಡಿಸ್ಕ್ ಒಂದು ಸಿಕ್ಕಿತು. ಅದನ್ನು ತೆಗೆದುಕೊಂಡು ಊರಿಗೆ ಹೋದೆ.

ಇದೇ ತರಹದ ಹಳೆಯ ಯಂತ್ರ ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಇದ್ದರೆ ಉಪಯೋಗಕ್ಕೆ ಬರಲಿ ಎಂದು, ಮಾಡಿದ್ದನ್ನೆಲ್ಲ ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ತಪ್ಪು ಮಾಡಿದ ಜಾಗವನ್ನೂ ಬಿಟ್ಟಿಲ್ಲ.

ಮೊದಲ ದಿನ

ಪೆಟ್ಟಿಗೆ ಬಿಚ್ಚಿದೆ. ಧೂಳು ತೆಗೆದೆ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ಎಂದು ಒಂದೊಂದನ್ನೂ ನೋಡಿದೆ. ಆ ಕಾಲದ ಬೋರ್ಡುಗಳಲ್ಲಿ ಇದು ತುಂಬ ಸಾಮಾನ್ಯವಾದ ರೋಗ. ಇದರಲ್ಲಿ ಒಂದೂ ಉಬ್ಬಿರಲಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿದರೆ 5 ವೋಲ್ಟ್ ತಂತಿಯಲ್ಲಿ 4.97, 12 ವೋಲ್ಟ್ ತಂತಿಯಲ್ಲಿ 11.8. ಪರವಾಗಿಲ್ಲ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ. ರ‍್ಯಾಮ್‌ನಲ್ಲಿ ಒಂದೂ ತಪ್ಪು ಬರಲಿಲ್ಲ. ಡಿಸ್ಕಿನ ಕೆಲಸಕ್ಕೆ ರ‍್ಯಾಮ್ ಪರೀಕ್ಷೆ ಯಾಕೆ ಅನಿಸಬಹುದು. ಡಿಸ್ಕಿನಿಂದ ಬಂದ ಪ್ರತಿ ಬೈಟೂ ರ‍್ಯಾಮ್ ಹಾದೇ ಮುಂದೆ ಹೋಗಬೇಕು, ಅಲ್ವಾ? ಆಮೇಲೆ ನಕಲಿನಲ್ಲಿ ತಪ್ಪು ಕಂಡಾಗ, ಈ ಪರೀಕ್ಷೆ ಮಾಡಿದ್ದರಿಂದಲೇ ಅರ್ಧ ಅನುಮಾನ ಕಳೆಯಿತು.

ಆದರೆ ಐಡಿಇ ಕೇಬಲ್ಲನ್ನು ನೋಡಲಿಲ್ಲ. ಅದು 40 ತಂತಿಯ ಬೂದು ಪಟ್ಟಿ. ಇಪ್ಪತ್ತು ವರ್ಷದಿಂದ ಪೆಟ್ಟಿಗೆಯೊಳಗೆ ಮಡಚಿಕೊಂಡು ಕೂತಿತ್ತು. ಅದು ಇದ್ದಲ್ಲೇ ಇರಲಿ ಎಂದು ಬಿಟ್ಟೆ.

ಹಳೆಯ ಡಿಸ್ಕನ್ನು ಮೊದಲ ಐಡಿಇ ಚಾನೆಲ್‌ನಲ್ಲೇ ಉಳಿಸಿದೆ. 40 ಜಿಬಿ ಡಿಸ್ಕನ್ನು ಎರಡನೇ ಚಾನೆಲ್‌ಗೆ ಬೇರೆ ಕೇಬಲ್‌ನಲ್ಲಿ ಹಾಕಿದೆ. ಸಿಡಿ ಡ್ರೈವ್‌ನಿಂದ ನಾಪಿಕ್ಸ್ (ಸಿಡಿಯಿಂದಲೇ ಓಡುವ ಲಿನಕ್ಸ್) ಬೂಟ್ ಮಾಡಿದೆ. ಹಳೆಯ ಸಿಡಿ ಅದು, ಲಿನಕ್ಸ್‌ನ ತಿರುಳಾದ 2.4 ಕರ್ನಲ್‌ನದ್ದು. ಆ ಕಾಲದ ನಾಪಿಕ್ಸ್‌ನಲ್ಲಿ ಡಿಸ್ಕಿನ ಡಿಎಂಎ (ಡೇಟಾ ಬೇಗ ಸಾಗಿಸುವ ವಿಧಾನ) ತಾನಾಗಿ ಆನ್ ಆಗುತ್ತಿರಲಿಲ್ಲ. ಬೇಕಾದವರು ಬೂಟ್ ಆಗುವಾಗ 'ಡಿಎಂಎ' ಎಂಬ ಪದವನ್ನು ತಾವೇ ಸೇರಿಸಬೇಕಿತ್ತು. ಯಾವ ಯಂತ್ರಕ್ಕೆ ಹೋಗಿ ಬೀಳುತ್ತದೋ ಗೊತ್ತಿಲ್ಲದ ಸಿಡಿಗೆ ಅದೇ ಸರಿಯಾದ ಕ್ರಮ ಎಂದು ಈಗ ನನಗೆ ಅನಿಸುತ್ತದೆ.

ಡಿಎಂಎ ಇಲ್ಲದಿದ್ದರೆ ಪಿಐಒ. ಅಂದರೆ ಸಿಪಿಯು ತಾನೇ ಕೂತು ಎರಡೆರಡು ಬೈಟ್ ಎತ್ತಿ ಮೆಮೊರಿಗೆ ಹಾಕುವುದು. ಡಿಎಂಎಯಲ್ಲಿ ಡಿಸ್ಕ್ ಕಂಟ್ರೋಲರೇ ನೇರವಾಗಿ ಮೆಮೊರಿಗೆ ತುಂಬುತ್ತದೆ, ಸಿಪಿಯು ಬೇರೆ ಕೆಲಸ ನೋಡಿಕೊಳ್ಳಬಹುದು. ಎಚ್‌ಡಿಪಾರ್ಮ್‌ಗೆ (ಡಿಸ್ಕಿನ ಸೆಟ್ಟಿಂಗ್ ನೋಡಿ ಬದಲಿಸುವ ಲಿನಕ್ಸ್ ಆದೇಶ) -ಟಿ ಕೊಟ್ಟು ವೇಗ ಅಳೆದೆ. ಸೆಕೆಂಡಿಗೆ 4.1 ಎಂಬಿ. ಎರಡೂ ಡಿಸ್ಕಿನ ಕೆಲಸ ಒಟ್ಟಿಗೆ ಸೇರಿದಾಗ 2 ಎಂಬಿಗೆ ಇಳಿಯಿತು. ಲೆಕ್ಕ ಹಾಕಿದರೆ 20 ಜಿಬಿಗೆ ಎರಡು ಮುಕ್ಕಾಲು ಗಂಟೆ ಬೇಕು.

ಎರಡು ಮುಕ್ಕಾಲು ಗಂಟೆ ಕಾಯಲಾರೆನೇ? ಕಾಯಬಹುದು. ಆದರೆ ಅದು ಬೇಸಿಗೆ. ಸಾಗರದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಅಂಗಡಿಯ ಯುಪಿಎಸ್ 20 ನಿಮಿಷ ತಡೆಯುತ್ತದೆ, ಅಷ್ಟೇ. ಡಿಸ್ಕ್ ಬೇರೆ ಕಟಕಟ ಎನ್ನುತ್ತಿದೆ. ವೇಗ ಹೆಚ್ಚಿಸಬೇಕು ಎನ್ನುವುದಕ್ಕೆ ಕಾರಣ ಇತ್ತು.

ಎರಡನೇ ದಿನ: ವೇಗ ಹೆಚ್ಚಿಸಿದ್ದು

ಕಾಲೇಜಿನ ದಿನಗಳ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಟ್ಟುಕೊಂಡಿದ್ದೆ. ಎಚ್‌ಡಿಪಾರ್ಮ್ -ಡಿ1 -ಸಿ3 -ಯು1 -ಎಂ16 -ಎಕ್ಸ್68. ಒಂದೇ ಏಟಿಗೆ ಐದು ಬದಲಾವಣೆ. ಒಂದೊಂದೂ ಏನು ಮಾಡುತ್ತದೆ ಎಂದು ಆಗ ಸರಿಯಾಗಿ ಓದಿರಲಿಲ್ಲ. ಅದನ್ನೇ ಹೊಡೆದೆ.

ಕರ್ನಲ್ ಕೂಡಲೇ ಎಚ್ಚರಿಕೆ ಕೊಟ್ಟಿತು. ಡಿಎಂಎಯ ಹೆಚ್ಚು ವೇಗದ ಮೆಟ್ಟಿಲುಗಳಾದ ಅಲ್ಟ್ರಾ ಡಿಎಂಎ 3, 4, 5 ಈ ಚಾನೆಲ್‌ನಲ್ಲಿ ನಡೆಯುವುದಿಲ್ಲ ಎಂದು. ಇದು ಕೇಬಲ್ ನೋಡಿ ಹೇಳಿದ ಮಾತು. 33 ಎಂಬಿಗಿಂತ ಹೆಚ್ಚಿನ ವೇಗಕ್ಕೆ 80 ತಂತಿಯ ಕೇಬಲ್ ಬೇಕು. ಪಿನ್ನು ಅಷ್ಟೇ, 40. ಹೆಚ್ಚಿನ 40 ತಂತಿ ಬರೀ ಗ್ರೌಂಡ್. ಪ್ರತಿ ಸಂಕೇತದ ತಂತಿಯ ಪಕ್ಕ ಒಂದು ಗ್ರೌಂಡ್ ತಂತಿ ಕೂತು, ಒಂದರ ಗದ್ದಲ ಇನ್ನೊಂದಕ್ಕೆ ದಾಟದಂತೆ ತಡೆಯುತ್ತದೆ. 80 ತಂತಿಯ ಕೇಬಲ್ಲಿನ ನೀಲಿ ಕನೆಕ್ಟರಿನೊಳಗೆ 34ನೇ ಪಿನ್ ಗ್ರೌಂಡಿಗೆ ಸೇರಿರುತ್ತದೆ. ಯಂತ್ರ ಅದನ್ನು ನೋಡಿಯೇ ಯಾವ ಕೇಬಲ್ ಎಂದು ಗುರುತಿಸುತ್ತದೆ.

ಸರಿ, ಒಂದು ಮೆಟ್ಟಿಲು ಇಳಿಯೋಣ ಎಂದು -ಎಕ್ಸ್66 ಕೊಟ್ಟೆ. ಅದು ಅಲ್ಟ್ರಾ ಡಿಎಂಎ 2, ಸೆಕೆಂಡಿಗೆ 33 ಎಂಬಿ. 40 ತಂತಿಯ ಕೇಬಲ್‌ಗೆ ಅನುಮತಿ ಇರುವ ಗರಿಷ್ಠ ವೇಗ. ಓದಲು ಶುರುಮಾಡಿದ ಮರುಗಳಿಗೆಯೇ ಪರದೆಯ ತುಂಬ 'ಬ್ಯಾಡ್ ಸಿಆರ್‌ಸಿ' ಸಾಲುಗಳು, ಅಂದರೆ ಡೇಟಾ ದಾರಿಯಲ್ಲಿ ಕೆಟ್ಟಿದೆ ಎಂಬ ದೂರು. ಆಮೇಲೆ ಚಾನೆಲ್ ರೀಸೆಟ್ ಆಯಿತು. ಕರ್ನಲ್ ತಾನೇ ಡಿಎಂಎ ಆಫ್ ಮಾಡಿತು. ಮತ್ತೆ 4 ಎಂಬಿಗೆ ಬಂದು ನಿಂತಿತು.

ಅಲ್ಲಿಗೇ ನಿಲ್ಲಿಸಿ ಕೇಬಲ್ ಬದಲಾಯಿಸಬೇಕಿತ್ತು. ನಾನು ಇನ್ನೂ ಒಂದು ಮೆಟ್ಟಿಲು ಇಳಿದೆ. -ಎಕ್ಸ್34. ಇದು ಅಲ್ಟ್ರಾ ಅಲ್ಲದ ಹಳೆಯ ಮಲ್ಟಿವರ್ಡ್ ಡಿಎಂಎ 2, ಗರಿಷ್ಠ 16.7 ಎಂಬಿ. ವೇಗ ಅಳೆದರೆ 13 ಎಂಬಿ. ಪರದೆಯಲ್ಲಿ ಒಂದೂ ತಪ್ಪಿನ ಸಾಲಿಲ್ಲ. ಹತ್ತು ನಿಮಿಷ ಓದಿಸಿದೆ. ಪೂರ್ತಿ ಶಾಂತ. ವೇಗ ಕಡಿಮೆ ಮಾಡಿದ್ದಕ್ಕೆ ಕೇಬಲ್ ತಾಳಿಕೊಂಡಿತು ಎಂದು ನಂಬಿಬಿಟ್ಟೆ.

ಆ ನಂಬಿಕೆಯಲ್ಲೇ ಇನ್ನೊಂದು ತಪ್ಪು ಮಾಡಿದೆ. ನಕಲು ಬೇಗ ಮುಗಿಯಲಿ ಎಂದು ಹಳೆಯ ಡಿಸ್ಕಿನ ಡಿ ಡ್ರೈವನ್ನು ಬರೆಯುವ ಅನುಮತಿಯೊಂದಿಗೆ ತೆರೆದು (ಮೌಂಟ್ ಮಾಡಿ), ಹಳೆಯ ತಾತ್ಕಾಲಿಕ ಫೈಲುಗಳನ್ನು ಅಳಿಸಿದೆ. ಸುಮಾರು 600 ಎಂಬಿ. ಡಿಸ್ಕನ್ನು ಬ್ಲಾಕ್ ಬ್ಲಾಕಾಗಿ ನಕಲು ಮಾಡುವಾಗ ಅಳಿಸಿದ ಫೈಲೂ ನಕಲಾಗುತ್ತದೆ. ಹಾಗಾಗಿ ಅಳಿಸಿದ್ದರಿಂದ ಒಂದು ನಿಮಿಷವೂ ಉಳಿಯಲಿಲ್ಲ. ಸಿಡಿಯಿಂದ ಬೂಟ್ ಆದ ನಾಪಿಕ್ಸ್ ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ. ಆ ರಕ್ಷಣೆಯನ್ನು ನಾನೇ ಕೈಯಾರೆ ತೆಗೆದಿದ್ದೆ.

ನಕಲು ಮುಗಿಯಿತು. ಪ್ರಸಂಗದ ಪುಸ್ತಕದ ಫೈಲನ್ನು ಹೊಸ ಡಿಸ್ಕಿನಿಂದ ತೆರೆದೆ. ಪೇಜ್‌ಮೇಕರ್ ಫೈಲ್ ಕೆಟ್ಟಿದೆ ಎಂದಿತು. ಇನ್ನೊಂದು ಫೈಲ್ ತೆರೆದೆ. ಅದರಲ್ಲಿ ಪುಟಗಳಿದ್ದವು, ಆದರೆ ನಡುವೆ ಎರಡು ಸಾಲು ಕಲಸಿಹೋಗಿತ್ತು. ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಇದು ನಾನು ಟೈಪ್ ಮಾಡಿದ್ದಲ್ಲ" ಅಂದರು.

ಸದ್ದಿಲ್ಲದೆ ತಪ್ಪುವುದು

ಆ ರಾತ್ರಿ ಒಂದೇ ಪರೀಕ್ಷೆ ಮಾಡಿದೆ. ಮೊದಲೇ ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಡಿಸ್ಕಿನ ಮೊದಲ 1 ಜಿಬಿಯನ್ನು ಡಿಡಿ ಆದೇಶದಿಂದ ಓದಿ ಎಂಡಿ5ಸಮ್ ತೆಗೆಯುವುದು, ಅಂದರೆ ಆ ಡೇಟಾದ ಗುರುತಿನ ಮೊತ್ತ; ಒಂದು ಬಿಟ್ ಬದಲಾದರೂ ಅದು ಬದಲಾಗುತ್ತದೆ. ಮತ್ತೆ ಅದೇ 1 ಜಿಬಿಯನ್ನು ಓದುವುದು. ಮತ್ತೆ ಮೊತ್ತ ತೆಗೆಯುವುದು. ರ‍್ಯಾಮ್ 256 ಎಂಬಿ ಮಾತ್ರ ಇದ್ದದ್ದರಿಂದ 1 ಜಿಬಿ ಅದರಲ್ಲಿ ಉಳಿಯುವುದಿಲ್ಲ, ಪ್ರತಿ ಸಲವೂ ಡಿಸ್ಕಿನಿಂದಲೇ ಬರಬೇಕು. ನೀವು ಮಾಡುವಾಗ ಈ ಗಾತ್ರ ಗಮನಿಸಿ. ರ‍್ಯಾಮ್‌ಗಿಂತ ಚಿಕ್ಕ ಭಾಗ ಓದಿದರೆ ಎರಡನೇ ಸಲ ಮೆಮೊರಿಯಿಂದಲೇ ಉತ್ತರ ಬಂದು ಎಲ್ಲ ಸರಿಯಿದೆ ಎಂದು ಕಾಣುತ್ತದೆ.

ಮಲ್ಟಿವರ್ಡ್ ಡಿಎಂಎ 2ರಲ್ಲಿ ಐದು ಸಲ ಓದಿದೆ. ಐದು ಬೇರೆ ಬೇರೆ ಮೊತ್ತ ಬಂದವು. ಪರದೆಯಲ್ಲಿ ಮಾತ್ರ ಒಂದೂ ತಪ್ಪಿನ ಸಾಲಿಲ್ಲ.

ಕಾರಣ ಇದು. ಅಲ್ಟ್ರಾ ಡಿಎಂಎ ಬಂದಾಗ ವೇಗದ ಜೊತೆಗೆ ಒಂದು ಕಾವಲು ಬಂತು. ಡೇಟಾ ಹೋಗುವಾಗ ಎರಡೂ ಬದಿಯವರು 16 ಬಿಟ್‌ನ ಸಿಆರ್‌ಸಿ ಲೆಕ್ಕ ಹಾಕುತ್ತಾರೆ. ಕಂತು ಮುಗಿದಾಗ ಕಂಟ್ರೋಲರ್ ತನ್ನ ಲೆಕ್ಕವನ್ನು ಡಿಸ್ಕಿಗೆ ಕಳಿಸುತ್ತದೆ. ಡಿಸ್ಕ್ ತನ್ನದರ ಜೊತೆ ಹೋಲಿಸಿ ನೋಡುತ್ತದೆ. ಹೊಂದದಿದ್ದರೆ ತಪ್ಪು ಎಂದು ಕೂಗುತ್ತದೆ, ಕರ್ನಲ್ ಮತ್ತೆ ಓದಿಸುತ್ತದೆ. ಪಿಐಒದಲ್ಲಾಗಲಿ ಮಲ್ಟಿವರ್ಡ್ ಡಿಎಂಎಯಲ್ಲಾಗಲಿ ಈ ಕಾವಲು ಇಲ್ಲ. ಡಿಸ್ಕಿನ ತಟ್ಟೆಯ ಮೇಲೆ ಬೇರೆಯದೇ ತಪ್ಪು ತಿದ್ದುವ ವ್ಯವಸ್ಥೆ ಇದೆ. ಆದರೆ ಅದು ನೋಡುವುದು ತಟ್ಟೆಯ ಮೇಲಿರುವುದನ್ನು ಮಾತ್ರ. ಡಿಸ್ಕಿನಿಂದ ಹೊರಬಿದ್ದ ಮೇಲೆ ತಂತಿಯಲ್ಲಿ ಒಂದು ಬಿಟ್ ಬದಲಾದರೆ ಯಾರಿಗೂ ತಿಳಿಯುವುದಿಲ್ಲ.

ಅಂದರೆ ನಾನು 33ರಿಂದ 16ಕ್ಕೆ ಇಳಿದಾಗ ಕೇಬಲ್ ಸರಿಹೋಗಲಿಲ್ಲ. ದೂರು ಹೇಳುವವನನ್ನು ನಾನೇ ಆಚೆ ಕಳಿಸಿದ್ದೆ. ಡಿಸ್ಕ್ ವೇಗದ ಅಪಾಯ ಎಂದರೆ ಎಲ್ಲರೂ ಅತಿ ವೇಗದ ಸೆಟ್ಟಿಂಗನ್ನೇ ನೆನೆಯುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಅಪಾಯದ್ದು ಈ ನಡುವಿನ ಮೆಟ್ಟಿಲು. ಸಾಕಷ್ಟು ಬೇಗ ಓಡುತ್ತದೆ, ತಪ್ಪನ್ನೂ ಮಾಡುತ್ತದೆ, ಬಾಯಿ ಬಿಡುವುದಿಲ್ಲ.

ಹಾಗಂತ ಅಲ್ಟ್ರಾ ಡಿಎಂಎಯ ಸಿಆರ್‌ಸಿಯನ್ನು ನಂಬಿ, ಆಗಾಗ ನಾಲ್ಕು ತಪ್ಪು ಬಂದರೂ ಮತ್ತೆ ಓದುತ್ತದಲ್ಲ ಎಂದು ಕೂರುವುದೂ ಸರಿಯಲ್ಲ. ಆ ಲೆಕ್ಕ ಡೇಟಾಗೆ ಮಾತ್ರ. 'ಇಂಥ ಜಾಗದಲ್ಲಿ ಬರೆ' ಎಂಬ ಆದೇಶ, ಸೆಕ್ಟರಿನ ಸಂಖ್ಯೆ, ಇವು ಅದೇ ತಂತಿಯಲ್ಲಿ ಕಾವಲಿಲ್ಲದೆ ಹೋಗುತ್ತವೆ. ಸರಿಯಾದ ಡೇಟಾ ತಪ್ಪು ಜಾಗಕ್ಕೆ ಹೋಗಿ ಕೂರಬಹುದು. ಅದಕ್ಕೇ ಸಿಆರ್‌ಸಿ ತಪ್ಪು ಕಂಡರೆ ಕೇಬಲ್ ಬಿಚ್ಚಬೇಕು ಎನ್ನುವುದು.

ಯಾವ ತಂತಿ?

ಮರುದಿನ ಎರಡು ಓದುಗಳನ್ನು ಫೈಲಾಗಿ ಉಳಿಸಿ ಸಿಎಂಪಿ -ಎಲ್ ಕೊಟ್ಟೆ. ಎಲ್ಲೆಲ್ಲಿ ಬೈಟ್ ಬೇರೆಯಾಗಿದೆ, ಅಲ್ಲಿ ಎರಡು ಫೈಲಿನಲ್ಲೂ ಏನಿದೆ ಎಂದು ಅದು ಪಟ್ಟಿ ಕೊಡುತ್ತದೆ. ಬೆಲೆಗಳು ಎಂಟರ ಅಂಕಿಯಲ್ಲಿ, ಅಂದರೆ ಆಕ್ಟಲ್‌ನಲ್ಲಿ ಇರುತ್ತವೆ. 1 ಜಿಬಿಯಲ್ಲಿ 3,000ಕ್ಕೂ ಜಾಸ್ತಿ ವ್ಯತ್ಯಾಸ. ಮೊದಲು ಎದೆ ಝಲ್ ಎಂದಿತು. ಆಮೇಲೆ ಪಟ್ಟಿಯನ್ನು ನಿಧಾನವಾಗಿ ನೋಡಿದೆ.

ಒಂದು ಕಡೆ 144 ಇದ್ದದ್ದು 164 ಆಗಿದೆ. ಇನ್ನೊಂದು ಕಡೆ 71 ಇದ್ದದ್ದು 51. ಮತ್ತೊಂದು ಕಡೆ 200 ಇದ್ದದ್ದು 220. ಎಲ್ಲ ಕಡೆ ವ್ಯತ್ಯಾಸ ಆಕ್ಟಲ್ 20. ನಮ್ಮ ಲೆಕ್ಕದಲ್ಲಿ 16. ಅಂದರೆ ಯಾವಾಗಲೂ ಒಂದೇ ಬಿಟ್ ತಿರುಗುತ್ತಿದೆ. ಅಷ್ಟೇ ಅಲ್ಲ, ಪಟ್ಟಿಯ ಸ್ಥಾನಗಳೆಲ್ಲ ಸಮ ಸಂಖ್ಯೆ. ಸಿಎಂಪಿ 1ರಿಂದ ಎಣಿಸುತ್ತದೆ. ಹಾಗಾಗಿ ಸಮ ಸಂಖ್ಯೆ ಎಂದರೆ ಪ್ರತಿ ಜೋಡಿಯ ಎರಡನೇ ಬೈಟ್.

ಐಡಿಇ ಕೇಬಲ್ಲಿನಲ್ಲಿ ಡೇಟಾಗೆ 16 ತಂತಿ. ಡಿ0ಯಿಂದ ಡಿ7ವರೆಗೆ ಜೋಡಿಯ ಮೊದಲ ಬೈಟ್, ಡಿ8ರಿಂದ ಡಿ15ವರೆಗೆ ಎರಡನೆಯದು. ಎರಡನೇ ಬೈಟಿನಲ್ಲಿ 16ರ ಬಿಟ್ ಎಂದರೆ ಡಿ12. ಐಡಿಇ ಪಿನ್ನುಗಳ ನಕ್ಷೆಯಲ್ಲಿ ಡಿ12 ಇರುವುದು 12ನೇ ಪಿನ್ನಿನಲ್ಲಿ. ಬೇರೆ ಬಿಟ್ಟುಗಳಿಗೆ ಹೀಗೆ ಸಂಖ್ಯೆ ಹೊಂದುವುದಿಲ್ಲ. ಡಿ7 ಇರುವುದು 3ನೇ ಪಿನ್ನಿನಲ್ಲಿ, ಡಿ8 ಇರುವುದು 4ನೇದರಲ್ಲಿ, ಡಿ0 ಇರುವುದು 17ರಲ್ಲಿ. ಇದೊಂದು ಮಾತ್ರ ನೆನಪಿಡಲು ಸುಲಭವಾಗಿ ಸಿಕ್ಕಿತು.

ಕೇಬಲ್ ತೆಗೆದು ಕೆಂಪು ಅಂಚಿನಿಂದ ಎಣಿಸಿದೆ. ಕೆಂಪು ತಂತಿಯೇ 1. ಹನ್ನೆರಡನೆಯದು ಡಿಸ್ಕಿನ ಬದಿಯ ಕನೆಕ್ಟರಿನ ಹತ್ತಿರ ಬೆಂಡಾಗಿತ್ತು. ಅಲ್ಲೇ ಕೇಬಲ್ ಮಡಚಿದ ಗೆರೆ. ಕನೆಕ್ಟರಿನ ಮುಚ್ಚಳವನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದೆ. ತಂತಿಯನ್ನು ಕಚ್ಚಿ ಹಿಡಿಯುವ ಕವೆಯಂಥ ಹಲ್ಲು ಅಲ್ಲಿ ಸಡಿಲವಾಗಿತ್ತು. ತಂತಿ ಮುಟ್ಟಿಯೂ ಮುಟ್ಟದಂತೆ ಕೂತಿತ್ತು. ಮಲ್ಟಿಮೀಟರ್ ಹಿಡಿದು ಕೇಬಲ್ ಅಲ್ಲಾಡಿಸಿದರೆ ಸಂಪರ್ಕ ಬಂದು ಹೋಗುತ್ತಿತ್ತು. ಸುಮ್ನೆ ಇಟ್ಟರೆ ಸರಿಯಾಗೇ ತೋರಿಸುತ್ತಿತ್ತು.

ಪಿಐಒದಲ್ಲಿ ಇದೇ ಕೇಬಲ್ ಹೇಗೆ ನಡೆಯುತ್ತಿತ್ತು ಎಂಬ ಪ್ರಶ್ನೆ ಬಂತು. ತಿರುಗಿ ಹಾಕಿ ಪಿಐಒದಲ್ಲೂ ಐದು ಸಲ ಓದಿಸಿದೆ. ಮೂರು ಮೊತ್ತ ಒಂದೇ, ಎರಡು ಬೇರೆ. ವ್ಯತ್ಯಾಸ ಬೆರಳೆಣಿಕೆಯ ಬೈಟುಗಳು. ಅಂದರೆ ನಿಧಾನವಾಗಿದ್ದಾಗಲೂ ಪೂರ್ತಿ ಸರಿ ಇರಲಿಲ್ಲ. ಸಿಪಿಯು ಒಂದೊಂದಾಗಿ ಎತ್ತುವಾಗ ನಡುವೆ ಬಿಡುವು ಜಾಸ್ತಿ ಸಿಗುತ್ತಿತ್ತು, ಅಷ್ಟೇ. ಇದು ನನ್ನನ್ನು ಸೆಟ್ಟಿಂಗಿನ ವಿಷಯಕ್ಕಿಂತ ಜಾಸ್ತಿ ಕಾಡಿತು. ಎಷ್ಟು ವರ್ಷದಿಂದ ಹೀಗಿತ್ತೋ!

ಡಿ ಡ್ರೈವಿನ ಹಾನಿ

ಹೊಸ 80 ತಂತಿಯ ಕೇಬಲ್ ತರಿಸಿದೆ. 120 ರೂಪಾಯಿ. ನೀಲಿ ತುದಿ ಬೋರ್ಡಿಗೆ, ಕಪ್ಪು ತುದಿ ಡಿಸ್ಕಿಗೆ, ನಡುವಿನ ಬೂದು ಖಾಲಿ. ಒಂದೇ ಡಿಸ್ಕ್ ಇದ್ದರೆ ಅದು ತುದಿಯಲ್ಲೇ ಇರಬೇಕು. ನಡುವಿನಲ್ಲಿ ಹಾಕಿದರೆ ಉಳಿದ ತುಂಡು ಬಾಲದಂತೆ ನೇತಾಡಿ ಸಂಕೇತವನ್ನು ಹಿಂದಕ್ಕೆ ಬಡಿಯುತ್ತದೆ. ಉದ್ದ 45 ಸೆಂಟಿಮೀಟರ್. ನಿಯಮದ ಮಿತಿ 18 ಇಂಚು, ಹತ್ತಿರ ಹತ್ತಿರ ಇಷ್ಟೇ. ಅಂಗಡಿಯಲ್ಲಿ ಇದರ ಎರಡರಷ್ಟು ಉದ್ದದ, ಗುಂಡಗೆ ಸುತ್ತಿದ, ಬಣ್ಣದ ಕೇಬಲ್ಲುಗಳೂ ಇದ್ದವು. ಅವು ಬೇಡ.

ಈ ಸಲ ಮೊದಲು ಓದು ಮಾತ್ರ. ಮೌಂಟ್ ಇಲ್ಲ, ಬರೆಯುವುದು ಇಲ್ಲವೇ ಇಲ್ಲ. ಪಿಐಒದಲ್ಲಿ ಐದು ಓದು: ಐದೂ ಒಂದೇ ಮೊತ್ತ. ಅಲ್ಟ್ರಾ ಡಿಎಂಎ 2ರಲ್ಲಿ ಐದು ಓದು: ಅವೂ ಪಿಐಒದ ಮೊತ್ತಕ್ಕೆ ಸರಿಯಾಗಿ ಹೊಂದಿದವು. ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ) ಪಟ್ಟಿಯ 199ನೇ ಸಾಲು ಅಲ್ಟ್ರಾ ಡಿಎಂಎ ಸಿಆರ್‌ಸಿ ತಪ್ಪುಗಳ ಲೆಕ್ಕ. ಅದು 37ರಲ್ಲಿ ನಿಂತಿತ್ತು. ಆ ಸಂಖ್ಯೆ ಇಳಿಯುವುದಿಲ್ಲ. ಏರಬಾರದು ಅಷ್ಟೇ. ಇಡೀ ಡಿಸ್ಕ್ ಓದಿದ ಮೇಲೂ 37. ಮಲ್ಟಿವರ್ಡ್‌ನಲ್ಲಿ ಆದ ಸಾವಿರಾರು ತಪ್ಪುಗಳಲ್ಲಿ ಒಂದೂ ಅಲ್ಲಿ ದಾಖಲಾಗಿರಲಿಲ್ಲ ಎನ್ನುವುದನ್ನೂ ಗಮನಿಸಿ.

ಪೂರ್ತಿ ಡಿಸ್ಕಿನ ಪ್ರತಿಬಿಂಬ ತೆಗೆದು ಹೊಸ ಕಂಪ್ಯೂಟರಿಗೆ ಕಳಿಸಿದೆ. ಮುಂದಿನ ರಿಪೇರಿ ಎಲ್ಲ ಆ ಪ್ರತಿಯ ಮೇಲೆ. ಮೂಲ ಡಿಸ್ಕನ್ನು ಮುಟ್ಟಲಿಲ್ಲ.

ಡಿ ಡ್ರೈವಿನ ಭಾಗಕ್ಕೆ ಫೈಲ್ ವ್ಯವಸ್ಥೆ ಪರೀಕ್ಷಿಸುವ ಡಾಸ್‌ಎಫ್‌ಎಸ್‌ಸಿಕೆ -ಎನ್ ಓಡಿಸಿದೆ. -ಎನ್ ಕೊಟ್ಟರೆ ಅದು ತಪ್ಪು ತೋರಿಸುತ್ತದೆ, ತಿದ್ದುವುದಿಲ್ಲ. ಎರಡು ತರಹದ ತಪ್ಪು ಸಿಕ್ಕಿತು.

ಡಿ ಡ್ರೈವಿನ ಫೈಲ್ ವ್ಯವಸ್ಥೆ ಫ್ಯಾಟ್32. ಅದರಲ್ಲಿ ಯಾವ ಫೈಲ್ ಯಾವ ತುಂಡಿನ ನಂತರ ಯಾವ ತುಂಡಿಗೆ ಹೋಗಬೇಕು ಎಂಬ ಪಟ್ಟಿ ಇರುತ್ತದೆ. ಅದೇ ಫ್ಯಾಟ್. ರಕ್ಷಣೆಗೆಂದು ಅದರ ಎರಡು ಪ್ರತಿ ಇರುತ್ತವೆ. ಮೂರು ಕಡೆ ಈ ಎರಡು ಪ್ರತಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬರೆಯುವಾಗ ತಂತಿ ತಪ್ಪಿದ ಜಾಗಗಳು ಅವು. ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಸರಿಯಿದೆ. ನೋಡಿ ಆರಿಸಿಕೊಳ್ಳಬಹುದು.

ಎರಡನೇ ತರಹದ್ದು ಕಷ್ಟ. ಪ್ರಸಂಗದ ಪುಸ್ತಕದ ಫೈಲೂ ಒಂದು ಲಗ್ನಪತ್ರಿಕೆಯ ಫೈಲೂ ಒಂದೇ ತುಂಡುಗಳನ್ನು ಹಂಚಿಕೊಂಡಿವೆ ಎಂದಿತು. ಇಲ್ಲಿ ಎರಡು ಪ್ರತಿಯೂ ಒಂದೇ ತರಹ ಇದ್ದವು. ಒಂದೇ ತರಹ ತಪ್ಪು! ಯಾಕೆ ಹೀಗಾಯಿತು ಎಂದು ತುಂಬ ಹೊತ್ತು ಕೂತು ಯೋಚಿಸಿದೆ. ನಾನು ಫೈಲ್ ಅಳಿಸಿದಾಗ ಕರ್ನಲ್ ಮೊದಲು ಫ್ಯಾಟ್‌ನ ಆ ಸೆಕ್ಟರನ್ನು ಓದಿತು. ಓದುವಾಗಲೇ ತಂತಿಯಲ್ಲಿ ಒಂದು ಬಿಟ್ ತಿರುಗಿತು. ಕರ್ನಲ್ ಅದರಲ್ಲಿ ತನಗೆ ಬೇಕಾದ ನಮೂದನ್ನು ಬದಲಿಸಿ, 512 ಬೈಟನ್ನೂ ತಿರುಗಿ ಬರೆಯಿತು. ಎರಡನೇ ಪ್ರತಿಗೂ ಅದೇ ತುಂಡನ್ನೇ ನಕಲು ಮಾಡಿತು. ಅಂದರೆ ಗಾಳಿಯಲ್ಲಿ ಹೋಗಬೇಕಿದ್ದ ಓದಿನ ತಪ್ಪು ಡಿಸ್ಕಿನ ಮೇಲೆ ಶಾಶ್ವತವಾಗಿ ಕೂತಿತು. ನಾನು ಅಳಿಸಿದ್ದು ಯಾವುದೋ ಕಸದ ಫೈಲ್. ಕೆಟ್ಟದ್ದು ಅದೇ ಸೆಕ್ಟರಿನಲ್ಲಿ ಪಕ್ಕದಲ್ಲಿದ್ದ ಪುಸ್ತಕ.

ಆದರೆ ಯಾವ ಬಿಟ್ ತಿರುಗುತ್ತದೆ ಎಂದು ಗೊತ್ತಿತ್ತಲ್ಲ! ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಫ್ಯಾಟ್ ತೆರೆದೆ. ಪುಸ್ತಕದ ಫೈಲ್ ಡಿಸ್ಕಿನಲ್ಲಿ ಒಂದೇ ಸಾಲಾಗಿ ಇತ್ತು. ಹಾಗಾಗಿ ನಮೂದುಗಳೂ ಒಂದರ ಹಿಂದೆ ಒಂದು ಬರುತ್ತವೆ: 32998, 32999, 33000. ಮುಂದೆ 33001 ಬರಬೇಕಾದ ಕಡೆ 37097 ಇತ್ತು. ಅದರ ಮುಂದೆ ಮತ್ತೆ 33002. ವ್ಯತ್ಯಾಸ ಸರಿಯಾಗಿ 4096. ಅದೇ ಹನ್ನೆರಡನೇ ಬಿಟ್. ಫೈಲಿನ ಸರಪಳಿ ಅಲ್ಲಿಂದ ಹಾರಿ ಲಗ್ನಪತ್ರಿಕೆಯ ನಡುವೆ ಹೋಗಿ ಬೀಳುತ್ತಿತ್ತು. ಆ ಡ್ರೈವಿನಲ್ಲಿ ಒಂದು ತುಂಡು 8 ಕೆಬಿ. 4096 ತುಂಡು ಎಂದರೆ 32 ಎಂಬಿ ದೂರ.

ಒಂದೇ ಬೈಟ್ ತಿದ್ದಿದೆ. 90 ಇದ್ದದ್ದನ್ನು 80 ಮಾಡಿದೆ (ಇವು ಹದಿನಾರರ ಅಂಕಿ, ಅಂದರೆ ಹೆಕ್ಸ್). ಎರಡೂ ಪ್ರತಿಯಲ್ಲಿ. ಪುಸ್ತಕದ ಸರಪಳಿ ಕೂಡಿಕೊಂಡಿತು. ಡಾಸ್‌ಎಫ್‌ಎಸ್‌ಸಿಕೆ ಮತ್ತೆ ಓಡಿಸಿದೆ. ಹಂಚಿಕೊಂಡ ತುಂಡುಗಳ ದೂರು ಹೋಯಿತು.

ಇನ್ನೊಂದು ಸಂಗತಿ ನಂತರ ಹೊಳೆಯಿತು. ಫ್ಯಾಟ್32ನ ಒಂದು ನಮೂದು 4 ಬೈಟ್. ಅಂದರೆ ಡಿ12 ಅದರ ಮೇಲೆ ಎರಡು ಸಲ ಹಾಯುತ್ತದೆ, 12ನೇ ಬಿಟ್‌ನಲ್ಲೊಮ್ಮೆ, 28ನೇ ಬಿಟ್‌ನಲ್ಲೊಮ್ಮೆ. ಹೆಸರು 32 ಇದ್ದರೂ ಫ್ಯಾಟ್ ಬಳಸುವುದು ಕೆಳಗಿನ 28 ಬಿಟ್ ಮಾತ್ರ, 0ಯಿಂದ 27ರವರೆಗೆ. 28ನೇ ಬಿಟ್ ತಿರುಗಿದರೆ ಯಾರೂ ಅದನ್ನು ನೋಡುವುದಿಲ್ಲ. ಅರ್ಧದಷ್ಟು ಏಟು ಹಾಗೇ ಗಾಳಿಗೆ ಹೋಯಿತು. ಪಕ್ಕದ ತಂತಿ ಸಡಿಲವಾಗಿದ್ದರೆ ಇಷ್ಟು ಸುಲಭವಾಗಿ ಉಳಿಯುತ್ತಿರಲಿಲ್ಲವೇನೋ.

ಉಳಿದ ಸೆಟ್ಟಿಂಗುಗಳು

ನೋಟ್‌ಬುಕ್ಕಿನ ಆ ಸಾಲನ್ನು ಈಗ ಒಂದೊಂದಾಗಿ ಓದಿದೆ. ಎಚ್‌ಡಿಪಾರ್ಮ್ ಬರೆದವರು ಮಾರ್ಕ್ ಲಾರ್ಡ್. ಅದರ ಕೈಪಿಡಿಯಲ್ಲಿ ಎಚ್ಚರಿಕೆಗಳನ್ನು ಮುಚ್ಚಿಟ್ಟಿಲ್ಲ.

-ಯು1 ಎಂದರೆ ಡಿಸ್ಕಿನ ಕೆಲಸದ ನಡುವೆ ಬೇರೆ ಇಂಟರಪ್ಟುಗಳಿಗೂ (ಸಿಪಿಯುವಿನ ಗಮನ ಕೇಳುವ ಕರೆಗಳಿಗೂ) ಅವಕಾಶ ಕೊಡುವುದು. ಮೌಸ್, ಮೋಡೆಮ್ ಚುರುಕಾಗುತ್ತವೆ. ಆದರೆ ಕೆಲವು ಕಂಟ್ರೋಲರುಗಳು ಆ ತಡವನ್ನು ತಡೆಯುವುದಿಲ್ಲ. 1990ರ ದಶಕದ ಸಿಎಂಡಿ640 ಮತ್ತು ಆರ್‌ಝಡ್1000 ಚಿಪ್ಪುಗಳ ದೋಷ ಇದರಿಂದಲೇ ಹೆಸರಾಯಿತು. 486 ಮತ್ತು ಮೊದಲ ಪೆಂಟಿಯಂ ಕಾಲದ ಬೋರ್ಡುಗಳಲ್ಲಿ ಅವು ಸಾಕಷ್ಟಿದ್ದವು. ಫೈಲ್ ವ್ಯವಸ್ಥೆಯೇ ಹಾಳಾಗಬಹುದು ಎಂದು ಕೈಪಿಡಿ ನೇರವಾಗಿ ಹೇಳುತ್ತದೆ. -ಎಂ16 ಒಂದು ಇಂಟರಪ್ಟಿಗೆ 16 ಸೆಕ್ಟರ್ ತರುತ್ತದೆ. ಕೆಲವು ಡಿಸ್ಕುಗಳು ಆಗುತ್ತದೆ ಎಂದು ಹೇಳಿ ಡೇಟಾ ಕಳೆಯುತ್ತವೆ ಎಂಬ ಎಚ್ಚರಿಕೆ ಇದಕ್ಕೂ ಇದೆ. -ಸಿ3 ಇರುವುದು ಪಿಐಒಗೆ. ಡಿಎಂಎ ಆನ್ ಇದ್ದರೆ ಅದರಿಂದ ಲಾಭವಿಲ್ಲ. ಈ ಮೂರನ್ನೂ ಬಿಟ್ಟುಬಿಟ್ಟೆ.

-ಎಕ್ಸ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಡಿಸ್ಕೂ ಚಿಪ್‌ಸೆಟ್ಟೂ ಒಂದೇ ತಾಳದಲ್ಲಿ ನಡೆಯಬೇಕು. ಕರ್ನಲ್‌ಗೆ ಆ ಚಿಪ್‌ಸೆಟ್ಟಿನ ಡ್ರೈವರ್ ಇದ್ದರೆ ಅದು ಇಬ್ಬರಿಗೂ ಹೇಳುತ್ತದೆ. ಸಾಮಾನ್ಯ ಡ್ರೈವರ್ ಮಾತ್ರ ಇದ್ದರೆ ಡಿಸ್ಕ್ ಒಂದು ತಾಳ, ಚಿಪ್‌ಸೆಟ್ ಇನ್ನೊಂದು ತಾಳ ಆಗಬಹುದು. -ಕೆ1 ಎಂಬುದು ರೀಸೆಟ್ ಆದ ಮೇಲೂ ಸೆಟ್ಟಿಂಗ್ ಉಳಿಸುತ್ತದೆ. ಹಾಕಬೇಡಿ. ರೀಸೆಟ್ ಆದಾಗ ಸುರಕ್ಷಿತ ಸ್ಥಿತಿಗೆ ಮರಳುವುದೇ ನಮ್ಮನ್ನು ಉಳಿಸುವುದು.

ಕೇಬಲ್ ಒಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. 2001ರಲ್ಲಿ ವಿಯಾದ 686ಬಿ ಚಿಪ್ ಇದ್ದ ಬೋರ್ಡುಗಳಲ್ಲಿ, ಒಂದು ಐಡಿಇ ಚಾನೆಲ್‌ನಿಂದ ಇನ್ನೊಂದಕ್ಕೆ ದೊಡ್ಡ ಫೈಲ್ ನಕಲು ಮಾಡುವಾಗ ಡೇಟಾ ಕೆಡುತ್ತಿದ್ದುದು ಎಲ್ಲ ಕಡೆ ಸುದ್ದಿಯಾಗಿತ್ತು. ನನ್ನ ಬೋರ್ಡಿನಲ್ಲಿ ಅದಿಲ್ಲ. ನಿಮ್ಮದರಲ್ಲಿ ಇದ್ದರೆ ಕೇಬಲ್ ಹೊಸದಾದರೂ ಮೊತ್ತ ಹೋಲಿಸದೆ ನಂಬಬೇಡಿ.

ಈಗಿನ ಲಿನಕ್ಸ್‌ನಲ್ಲಿ ಹಳೆಯ ಐಡಿಇ ಡ್ರೈವರೇ ಇಲ್ಲ. 2021ರಲ್ಲಿ 5.14 ಕರ್ನಲ್‌ನಿಂದ ಅದನ್ನು ತೆಗೆದರು. ಅದರ ಬದಲಿಗಿರುವ ಲಿಬ್‌ಅಟಾ ತಾನೇ ವೇಗ ಆರಿಸುತ್ತದೆ, ತಪ್ಪು ಜಾಸ್ತಿಯಾದರೆ ತಾನೇ ಇಳಿಸುತ್ತದೆ. ವಿಂಡೋಸ್ ಎಕ್ಸ್‌ಪಿಯೂ ಹಾಗೇ. ಒಟ್ಟು ಆರು ತಪ್ಪು ಸೇರಿದರೆ ಒಂದು ಮೆಟ್ಟಿಲು ಇಳಿಸುತ್ತಿತ್ತು. ಯಂತ್ರ ಇದ್ದಕ್ಕಿದ್ದಂತೆ ನಿಧಾನವಾಯಿತು ಎಂದು ಡ್ರೈವರ್ ತೆಗೆದು ಮತ್ತೆ ಹಾಕಿ ವೇಗ ಮರಳಿಸುವ ಉಪಾಯವನ್ನು ತುಂಬ ಜನ ಬಳಸುತ್ತಿದ್ದರು. ನಾನೂ ಬಳಸಿದ್ದೇನೆ. ಇನ್ನು ಬಳಸುವುದಿಲ್ಲ.

ಕೊನೆಯ ದಿನ

ಹೊಸ ಕೇಬಲ್ ಇದ್ದದ್ದರಿಂದ 66ಕ್ಕೂ ಹೋಗಬಹುದಿತ್ತು. ಒಮ್ಮೆ ಅಳೆದು ನೋಡಿದೆ. 33ರಲ್ಲಿ 22 ಎಂಬಿ, 66ರಲ್ಲೂ 22 ಎಂಬಿ. ತಟ್ಟೆಯಿಂದ ಬರುವುದೇ ಅಷ್ಟು. ದಾರಿ ಅಗಲ ಮಾಡಿದರೆ ಎತ್ತು ಜೋರಾಗಿ ನಡೆಯುವುದಿಲ್ಲ. 33ರಲ್ಲೇ ನಿಲ್ಲಿಸಿದೆ. 80 ತಂತಿಯ ಕೇಬಲ್ಲಿನಲ್ಲಿ 33ಕ್ಕೆ ಓಡಿಸಿದರೆ ಸಾಕಷ್ಟು ಅವಕಾಶ ಉಳಿಯುತ್ತದೆ.

ಎರಡನೇ ಚಾನೆಲ್ಲಿನ ಕೇಬಲ್ಲನ್ನೂ ಬದಲಿಸಿದೆ. ಅದರಲ್ಲಿ ತಪ್ಪು ಕಂಡಿರಲಿಲ್ಲ, ಆದರೆ ವಯಸ್ಸು ಅಷ್ಟೇ ಆಗಿತ್ತು. ಹಳೆಯ ಡಿಸ್ಕಿನಿಂದ 40 ಜಿಬಿ ಡಿಸ್ಕಿಗೆ ನಕಲು 18 ನಿಮಿಷದಲ್ಲಿ ಮುಗಿಯಿತು. ಹತ್ತನೇ ನಿಮಿಷದಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಹಿಡಿಯಿತು. ಎರಡೂ ಬದಿಯ ಮೊತ್ತ ಹೋಲಿಸಿದೆ, ಒಂದೇ. ಆಮೇಲೆ ತಿದ್ದಿದ ಫ್ಯಾಟ್‌ನ ಬೈಟುಗಳನ್ನು ಹೊಸ ಡಿಸ್ಕಿನಲ್ಲೂ ಹಾಕಿದೆ. ಹಳೆಯ ಡಿಸ್ಕನ್ನು ಹಾಳೆ ಸುತ್ತಿ, ದಿನಾಂಕ ಬರೆದು, ಬೀರುವಿನಲ್ಲಿಟ್ಟೆ.

ವಿಂಡೋಸ್ 98 ಹೊಸ ಡಿಸ್ಕಿನಿಂದ ಬೂಟ್ ಆಯಿತು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಡಿಎಂಎ ಚೌಕ ಖಾಲಿ ಇತ್ತು. ಇಷ್ಟು ವರ್ಷ ಅಪ್ಪ ಪಿಐಒದಲ್ಲೇ ಕೆಲಸ ಮಾಡಿದ್ದರು. ಗುರುತು ಹಾಕುವಾಗ ಅದೂ ಒಂದು ಎಚ್ಚರಿಕೆ ತೋರಿಸುತ್ತದೆ. ಮೊದಲು ಪ್ರತಿ ಇದೆಯೇ, ಕೇಬಲ್ ಹೊಸದೇ, ಮೊತ್ತ ಹೊಂದಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು ಗುರುತು ಹಾಕಿದೆ.

ಪ್ರಸಂಗದ ಪುಸ್ತಕ ತೆರೆಯಿತು. ಎಲ್ಲ ಪುಟಗಳೂ ಇದ್ದವು. ಅಪ್ಪ ಪೂರ್ತಿ ಪ್ರೂಫ್ ತೆಗೆದು ಎರಡು ದಿನ ಕೂತು ಓದಿದರು. ನಡುವೆ ಒಂದು ಪದ್ಯದಲ್ಲಿ ಒಂದು ಅಕ್ಷರ ಬೇರೆ ಇತ್ತು. ಹಳೆಯ ಅಚ್ಚು ಪ್ರತಿ ತೆಗೆದು ನೋಡಿದರು. ಅದರಲ್ಲಿ ಸರಿಯಾಗಿಯೇ ಇದೆ. ಅಚ್ಚಾದ ಮೇಲೆ ಯಾವಾಗಲೋ ಫೈಲನ್ನು ಮತ್ತೆ ಉಳಿಸಿದಾಗ ಆದದ್ದಿರಬೇಕು. ಆ ಬೈಟನ್ನು ಹೆಕ್ಸ್‌ನಲ್ಲಿ ನೋಡಿದೆ. ಸರಿಯಾದ ಅಕ್ಷರಕ್ಕೂ ಅದಕ್ಕೂ ವ್ಯತ್ಯಾಸ 16. ಅಪ್ಪ ಅಕ್ಷರ ತಿದ್ದಿ, ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿ, ಮುಂದಿನ ಪುಟ ತಿರುವಿದರು.